ನಾಲ್ಕು ಬೆಳಗು, ಸರಿಯಾಗಿ ಆರಕ್ಕೆ

ಎರಡು ವಾರದ ಹಿಂದಿನ ಬುಧವಾರ ಬೆಳಿಗ್ಗೆ ನನ್ನ ಕೈಯಲ್ಲಿದ್ದ ಚಹಾ ಕೀಬೋರ್ಡಿನ ಮೇಲೆ ಚೆಲ್ಲಿತು. ಕಂಪ್ಯೂಟರ್ ಪರದೆಯಲ್ಲಿ ಹೆದರುವಂಥದ್ದು ಏನೂ ಇರಲಿಲ್ಲ. ನಾಲ್ಕು ಸಾಲುಗಳಿದ್ದವು. ನಾಲ್ಕೂ ಹಳೆಯ ಬಾವಿಗಳ ಹೆಸರು. ನಾಲ್ಕರ ಮುಂದೆಯೂ ಒಂದೇ ಸಮಯ.

6:00. 6:00. 6:00. 6:00.

ಅಷ್ಟೇ. ಚಹಾ ಯಾಕೆ ಚೆಲ್ಲಿತು ಎಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಾನು ಬೆಳಿಗ್ಗೆ ಎದ್ದು ಮೊದಲು ನೋಡುವುದು ಫೀಡ್ ರೀಡರ್ ಅನ್ನು. ಬಳಸದವರಿಗಾಗಿ ಎರಡು ಮಾತು. ನಿಮಗೆ ಇಷ್ಟವಾದ ವೆಬ್‌ಸೈಟುಗಳ ವಿಳಾಸವನ್ನು ಈ ರೀಡರ್‌ಗೆ ಒಮ್ಮೆ ಕೊಟ್ಟರೆ ಸಾಕು. ಆ ಸೈಟುಗಳಲ್ಲಿ ಹೊಸದೇನು ಬಂದರೂ ತಾನಾಗಿ ಬಂದು ಒಂದೇ ಪಟ್ಟಿಯಲ್ಲಿ ನಿಲ್ಲುತ್ತದೆ. ನಾವು ನಲವತ್ತು ಬಾಗಿಲು ತಟ್ಟಬೇಕಾಗಿಲ್ಲ. ಯಾರು ಎಷ್ಟು ಲೈಕ್ ಒತ್ತಿದರು ಎಂಬ ಗದ್ದಲವಿಲ್ಲ. ಯಾವುದನ್ನು ಮೇಲೆ ತೋರಿಸಬೇಕೆಂದು ಯಾವುದೋ ಕಂಪನಿ ತೀರ್ಮಾನಿಸುವುದೂ ಇಲ್ಲ. ಯಾವ ಸೈಟು, ಏನು ಹಾಕಿತು, ಎಷ್ಟು ಗಂಟೆಗೆ ಹಾಕಿತು. ಸುದ್ದಿಮನೆಯಲ್ಲಿ ಮೂವತ್ತು ವರ್ಷ ಸವೆಸಿದವನಿಗೆ ಇದಕ್ಕಿಂತ ಚೆಂದದ ವಸ್ತು ಇನ್ನೇನಿದೆ? (ನನ್ನ ಹೆಂಡತಿ ಇದನ್ನು ‘ನಿಮ್ಮ ಪೂಜೆ’ ಎನ್ನುತ್ತಾಳೆ. ದೇವರಿಗೆ ಕೈ ಮುಗಿಯುವ ಮೊದಲೇ ಆಗುತ್ತದೆ ಎಂಬುದು ಅವಳ ತಕರಾರು.)

ನನ್ನ ಪಟ್ಟಿಯ ನಲವತ್ತು ಸೈಟುಗಳಲ್ಲಿ ಒಂದು ಹುಮನಾಬಾದಿನ ವೈಜನಾಥ ಮಾಸ್ತರರದು. ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಹಿಂದೆ ನಮ್ಮ ಪತ್ರಿಕೆಯ ಭಾನುವಾರದ ಪುರವಣಿಗೆ ಚಿತ್ರ ಬರೆಯುತ್ತಿದ್ದರು. ಈಗ ಸುತ್ತಲಿನ ಊರುಗಳ ಹಳೆಯ ಮೆಟ್ಟಿಲು ಬಾವಿಗಳನ್ನು ಹುಡುಕಿಕೊಂಡು ಹೋಗುತ್ತಾರೆ. ಒಂದು ಪೆನ್ನಿನ ಚಿತ್ರ, ಜೊತೆಗೆ ನೂರೈವತ್ತು ಪದ. ದಿನಕ್ಕೊಂದು ಬಾವಿ. ಓದುವವರು ಇನ್ನೂರು ಜನ ಇರಬಹುದು. ಆದರೆ ಒಂದು ದಿನ ತಪ್ಪಿದರೆ ಮಾಸ್ತರರಿಗೆ ಅನ್ನ ಸೇರುವುದಿಲ್ಲ.

ದಿನಾ ಬರೆಯುವುದು ಸುಲಭವೇ? ಎರಡನೇ ತಿಂಗಳಿಗೇ ಅವರು ಸುಸ್ತಾಗಿ ನನಗೆ ಫೋನ್ ಮಾಡಿದ್ದರು. ಆಗ ನಾನು ನಮ್ಮ ಕಸುಬಿನ ಒಂದು ಉಪಾಯ ಹೇಳಿಕೊಟ್ಟೆ. ಸ್ಟಾಕ್ ಕಾಪಿ. ಹಬ್ಬ, ರಜೆ, ಜ್ವರ ಯಾವುದು ಬಂದರೂ ಪುಟ ಖಾಲಿ ಹೋಗಬಾರದೆಂದು ಮೊದಲೇ ಬರೆದಿಟ್ಟುಕೊಳ್ಳುವ ಬರಹ. ಅವರ ಸೈಟಿನಲ್ಲಿ ಅದನ್ನು ಬೆಳಿಗ್ಗೆ ಆರಕ್ಕೆ ತಾನಾಗಿ ಪ್ರಕಟವಾಗುವಂತೆ ಶೆಡ್ಯೂಲ್ ಮಾಡುವುದನ್ನೂ ನಾನೇ ತೋರಿಸಿದೆ.

ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದೆ. ‘ಮಾಸ್ತರ್, ಸ್ಟಾಕ್ ಕಾಪಿಯೊಳಗ ಇಂದು ಅನ್ನಬಾರದು. ನಿನ್ನೆ ಅನ್ನಬಾರದು. ಮಳಿ, ಚಳಿ ಏನೂ ಬರಬಾರದು. ಇದು ಹಳೇದು ಅಂತ ಓದಾವನಿಗೆ ಗೊತ್ತೇ ಆಗಬಾರದು.’

ಮಾಸ್ತರರು ಒಳ್ಳೆಯ ವಿದ್ಯಾರ್ಥಿ. ಈ ಮಾತು ನೆನಪಿಟ್ಟುಕೊಳ್ಳಿ.

ಸೋಮವಾರ ಸಂಜೆ ಅವರ ಹೆಂಡತಿ ಶಾಂತಾಬಾಯಿಯವರ ಫೋನ್ ಬಂತು. ಅವರು ಮಗಳ ಬಾಣಂತನಕ್ಕೆಂದು ತಿಂಗಳಿನಿಂದ ಉದಗೀರದಲ್ಲಿದ್ದರು.

‘ಅಣ್ಣಾರ, ಇವರ ಫೋನ್ ನಿನ್ನಿಯಿಂದ ಹತ್ತವಲ್ದು. ಸ್ವಿಚ್ ಆಫ್ ಅಂತದ. ನಿಮಗೇನರ ಗೊತ್ತದೇನ್ರಿ?’

ಎದುರಿಗೇ ಕಂಪ್ಯೂಟರ್ ಇತ್ತು. ಪಟ್ಟಿ ನೋಡಿದೆ. ಮಾಸ್ತರರ ಬಾವಿ ಆ ಬೆಳಿಗ್ಗೆಯೂ ಬಂದಿತ್ತು.

‘ಅಕ್ಕಾರ, ಏನೂ ಚಿಂತಿ ಮಾಡಬ್ಯಾಡ್ರಿ. ಮುಂಜಾನೆ ಆರಕ್ಕ ಬರೆದು ಹಾಕ್ಯಾರ. ಆರಾಮ ಅದಾರ. ಫೋನ್ ಕೆಟ್ಟಿರಬೇಕು.’

‘ಖರೇನ?’

‘ನನ್ನ ಕಣ್ಣ ಮುಂದೇ ಅದರ್ರಿ.’

ಅವರು ನಿಟ್ಟುಸಿರು ಬಿಟ್ಟಿದ್ದು ಕೇಳಿಸಿತು. ನನಗೂ ಒಂದು ಉಪಕಾರ ಮಾಡಿದ ತೃಪ್ತಿ.

ಮಂಗಳವಾರ ಮಧ್ಯಾಹ್ನ ಮತ್ತೆ ಫೋನ್. ಮತ್ತೆ ಪಟ್ಟಿ ನೋಡಿದೆ. ಮತ್ತೆ ಬಾವಿ ಬಂದಿತ್ತು.

‘ಅಕ್ಕಾರ, ಇವತ್ತೂ ಹಾಕ್ಯಾರ್ರಿ.’

ಈ ಸಲ ನಿಟ್ಟುಸಿರಿಲ್ಲ.

‘ಹಂಗಾದ್ರ ನನ್ನ ಕೂಡ ಮಾತಾಡೋದು ಬ್ಯಾಡಾಗ್ಯದ ಅವರಿಗಿ’ ಎಂದರು. ‘ಶುಕ್ರವಾರ ನಾನೇ ಬೈದಿದ್ದೆ. ಕೂಸಿನ ಮಾರಿ ನೋಡಾಕ ಬರಲಿಲ್ಲ, ಆ ಬಾವಿಗೋಳ ಜೋಡಿನೇ ಸಂಸಾರ ಮಾಡ್ರಿ ಅಂದಿದ್ದೆ. ಊರಿಗೆಲ್ಲಾ ಬರ್ಯಾಕ ಟೈಮ್ ಅದ, ನನಗ ಒಂದ್ ಫೋನ್ ಇಲ್ಲ. ಇರ್ಲಿ ಬಿಡ್ರಿ. ಇನ್ನ ನಾನೂ ಮಾಡಂಗಿಲ್ಲ.’

ಫೋನ್ ಇಟ್ಟರು. ನನ್ನ ಒಂದು ಮಾತು ಅವರ ಭಯವನ್ನು ತೆಗೆದು ಆ ಜಾಗದಲ್ಲಿ ಸಿಟ್ಟನ್ನು ಕೂರಿಸಿತ್ತು. ಭಯವಿದ್ದರೆ ಮನುಷ್ಯ ಹುಡುಕುತ್ತಾನೆ. ಸಿಟ್ಟು ಬಂದರೆ? ಸುಮ್ಮನಾಗುತ್ತಾನೆ.

ಹುಡುಕುತ್ತಿದ್ದ ಒಬ್ಬರೇ ಒಬ್ಬರನ್ನು ನಾನು ಸುಮ್ಮನಾಗಿಸಿದ್ದೆ.

ಬುಧವಾರ ಬೆಳಿಗ್ಗೆ ಪಟ್ಟಿ ತೆರೆದೆ. ಬೇರೆಲ್ಲ ಸೈಟುಗಳನ್ನು ಬಿಟ್ಟು ಮಾಸ್ತರರದನ್ನಷ್ಟೇ ತೆಗೆದೆ. ಶಾಂತಾಬಾಯಿಯವರ ಮಾತು ಮನಸ್ಸಿನಲ್ಲಿತ್ತು. ಇವರಿಗೊಂದು ಬುದ್ಧಿಮಾತು ಬರೆಯೋಣ ಎಂದುಕೊಂಡಿದ್ದೆ. ಆಗ ಕಂಡವು ಆ ನಾಲ್ಕು ಸಾಲು. ಭಾನುವಾರ 6:00. ಸೋಮವಾರ 6:00. ಮಂಗಳವಾರ 6:00. ಆ ದಿನ 6:00.

ಅದರ ಹಿಂದಿನವನ್ನು ನೋಡಿದೆ. ಶನಿವಾರ 6:14. ಶುಕ್ರವಾರ 5:51. ಗುರುವಾರ 6:32. ಹಿಂದಿನ ಬುಧವಾರ 6:08.

ಚಹಾ ಚೆಲ್ಲಿದ್ದು ಆಗ.

ಮನುಷ್ಯ ಕೈಯಿಂದ ಹಾಕಿದರೆ ನಿಮಿಷ ಹೆಚ್ಚುಕಡಿಮೆ ಆಗುತ್ತದೆ. ಒಂದು ದಿನ ಹಾಲಿನವನು ತಡ ಮಾಡುತ್ತಾನೆ, ಒಂದು ದಿನ ಕರೆಂಟ್ ಹೋಗುತ್ತದೆ, ಒಂದು ದಿನ ಕನ್ನಡಕ ಸಿಗುವುದಿಲ್ಲ. ಯಂತ್ರಕ್ಕೆ ಇದ್ಯಾವುದೂ ಇಲ್ಲ. ಮಾಸ್ತರರು ಕೊನೆಯ ಸಲ ತಮ್ಮ ಕೈಯಿಂದ ಬರೆದು ಹಾಕಿದ್ದು ಶನಿವಾರ, ಆರು ಗಂಟೆ ಹದಿನಾಲ್ಕು ನಿಮಿಷಕ್ಕೆ. ಆಮೇಲೆ ಅವರ ಸುಳಿವಿಲ್ಲ. ಬಾವಿಗಳು ಮಾತ್ರ ಬರುತ್ತಿದ್ದವು.

ನಾಲ್ಕೂ ಬರಹಗಳನ್ನು ಓದಿದೆ. ‘ಇಂದು’ ಇಲ್ಲ. ‘ನಿನ್ನೆ’ ಇಲ್ಲ. ಡಿಸೆಂಬರ್ ಚಳಿಯ ಒಂದು ಮಾತಿಲ್ಲ. ನಾನು ಹೇಳಿಕೊಟ್ಟ ಹಾಗೆಯೇ ಇತ್ತು. ಹಳೆಯದೆಂದು ಗೊತ್ತೇ ಆಗಬಾರದು. ಗೊತ್ತಾಗಿರಲಿಲ್ಲ.

ಹುಮನಾಬಾದಿನ ಪತ್ರಿಕೆ ಏಜೆಂಟ್ ಖಾಜಾಮಿಯಾಗೆ ಫೋನ್ ಮಾಡಿದೆ. ಮಾಸ್ತರರ ಓಣಿಗೆ ಪೇಪರ್ ಹಾಕುವುದು ಅವರೇ. ಹತ್ತಾರು ವರ್ಷದ ಪರಿಚಯ.

‘ಮಾಸ್ತರ್ ಮನ್ಯಾಗ ಇಲ್ರಿ ಸಾಹೇಬ್ರ. ಉದಗೀರಕ್ಕ ಹೋಗ್ಯಾರ.’

ಎದೆ ಹಗುರಾಯಿತು. ‘ಯಾವಾಗ?’

‘ಸೋಮಾರ ಹೋಗ್ತೀನಿ, ಹತ್ತು ದಿನ ಪೇಪರ್ ಬಂದ್ ಮಾಡು ಅಂದಿದ್ರು. ಮನ್ಯಾಕೀಗಿ ಹೇಳಿಲ್ಲ, ಒಮ್ಮಿಗೇ ಹೋಗಿ ಬಾಗಲದಾಗ ನಿಂದರ್ತೀನಿ ಅಂತ ನಗಾಕತ್ತಿದ್ರು. ಕೂಸಿಗಿ ಬೆಳ್ಳಿ ಕಡಗ ಸೈತ ತೋರ್ಸಿದ್ರು.’

ಫೋನ್ ಇಟ್ಟು ಉದಗೀರಕ್ಕೆ ಹಚ್ಚಿದೆ.

‘ಅಕ್ಕಾರ, ಮಾಸ್ತರ್ ಅಲ್ಲಿ ಬಂದಾರೇನ್ರಿ?’

ಆ ಕಡೆ ಕೂಸು ಅಳುವುದು ಕೇಳುತ್ತಿತ್ತು.

‘ಇಲ್ಲಿ ಯಾಕ ಬರ್ತಾರ್ರಿ?’ ಎಂದರು ಶಾಂತಾಬಾಯಿ. ಆಮೇಲೆ ನಿಧಾನಕ್ಕೆ, ‘ಅಣ್ಣಾರ, ನೀವೇ ಅಂದ್ರೆಲ್ಲ, ದಿನಾ ಬರ್ಯಾಕತ್ತಾರಂತ?’

‘ತಿಳಕೊಂಡು ಹೇಳ್ತೀನ್ರಿ’ ಎಂದು ಫೋನ್ ಇಟ್ಟು, ಮಾಸ್ತರರ ಮನೆ ನೋಡಿ ಬರಲು ಖಾಜಾಮಿಯಾಗೆ ಹೇಳಿದೆ.

ಈಗ ಲೆಕ್ಕ ಸ್ಪಷ್ಟವಾಯಿತು. ಹುಮನಾಬಾದಿನವರ ಪ್ರಕಾರ ಮಾಸ್ತರರು ಉದಗೀರದಲ್ಲಿ. ಉದಗೀರದವರ ಪ್ರಕಾರ ಹುಮನಾಬಾದಿನಲ್ಲಿ. ಬಸವಕಲ್ಯಾಣದಲ್ಲಿ ಕುಳಿತ ನನ್ನ ಪ್ರಕಾರ ದಿನಾ ಬೆಳಿಗ್ಗೆ ಆರಕ್ಕೆ ಆರಾಮ. ಮೂರು ಊರಿನಲ್ಲೂ ಒಬ್ಬರಿಗೂ ಅನುಮಾನವಿಲ್ಲ. ಮನುಷ್ಯ ಮಾತ್ರ ಎಲ್ಲಿಯೂ ಇಲ್ಲ.

ಖಾಜಾಮಿಯಾ ಅಷ್ಟರಲ್ಲಿ ಮಾಸ್ತರರ ಮನೆಯ ಮುಂದೆ ನಿಂತು ಫೋನ್ ಮಾಡಿದರು. ದನಿ ಬದಲಾಗಿತ್ತು.

‘ಸಾಹೇಬ್ರ, ಕೀಲಿ ಹಾಕೇದ. ಮೋಟರ್‌ಸೈಕಲ್ ಇಲ್ಲ. ಮತ್ತ... ಐತಾರದ ಪೇಪರ್ ಬಾಗಲ ಸಂದ್ಯಾಗ ಹಂಗೇ ಅದರ್ರಿ. ಸೋಮಾರದಿಂದ ಬಂದ್ ಮಾಡಂದಿದ್ರು. ಐತಾರದ್ದು ಓದಿರಬೇಕಿತ್ತಲ್ರಿ?’

ಓದಿರಬೇಕಿತ್ತು. ಅವರು ಭಾನುವಾರ ಪೇಪರ್ ಬರುವ ಮೊದಲೇ ಹೊರಗೆ ಹೋಗಿದ್ದಾರೆ. ತಿರುಗಿ ಬಂದಿಲ್ಲ.

ಎಲ್ಲಿಗೆ ಹೋದರು? ಮತ್ತೆ ಪಟ್ಟಿಗೆ ಬಂದೆ. ಅವರು ಕೈಯಾರೆ ಹಾಕಿದ ಕೊನೆಯ ಬರಹ, ಶನಿವಾರದ್ದನ್ನು ತೆರೆದೆ. ಅಂದು ಬೆಳಿಗ್ಗೆ ಮೇಲೆ ಮೇಲೆ ಕಣ್ಣಾಡಿಸಿ ಬಿಟ್ಟಿದ್ದೆ. ಕೊನೆಯ ಎರಡು ವಾಕ್ಯ ಹೀಗಿದ್ದವು: ಹಳ್ಳಿಖೇಡ ರಸ್ತೆಯ ಎಡಕ್ಕೆ, ಕಬ್ಬಿನ ಹೊಲದ ನಡುವೆ ಯಾರೂ ಇಳಿಯದ ಒಂದು ಬಾವಿ ಇದೆಯಂತೆ. ನಾಳೆ ನೋಡಬೇಕು.

ನಾಳೆ. ಸ್ಟಾಕ್ ಕಾಪಿಯಲ್ಲಿ ಬರಬಾರದ ಪದ. ಮನುಷ್ಯ ಬರೆದ ಪದ.

ಪೊಲೀಸರಿಗೆ ಫೋನ್ ಮಾಡಿ ವಿಷಯ ತಿಳಿಸಿ ಗಾಡಿ ತೆಗೆದೆ. ಬಸವಕಲ್ಯಾಣದಿಂದ ಹುಮನಾಬಾದಿಗೆ ಹೆದ್ದಾರಿಯಲ್ಲಿ ಅರ್ಧ ತಾಸು. ಆ ಅರ್ಧ ತಾಸು ನನ್ನ ತಲೆ ಏನು ಮಾಡುತ್ತಿತ್ತು ಗೊತ್ತೇ? ಸುದ್ದಿ ಬರೆಯುತ್ತಿತ್ತು. ‘ಬಾವಿಗೆ ಬಿದ್ದು ನಿವೃತ್ತ ಶಿಕ್ಷಕ ಸಾವು’. ಸಿಂಗಲ್ ಕಾಲಂ. ಹೆಸರು, ಅದರ ಮುಂದೆ ಬ್ರಾಕೆಟ್ಟಿನಲ್ಲಿ ವಯಸ್ಸು (62). ‘ಮೃತರಿಗೆ ಪತ್ನಿ, ಪುತ್ರಿ ಇದ್ದಾರೆ.’ ಇಂಥವನ್ನು ನಾನು ಎಷ್ಟು ಬರೆದಿರಬಹುದು? ‘ಪುತ್ರಿ ಇದ್ದಾರೆ’ ಆದ ಮೇಲೆ ‘ಮೊಮ್ಮಗ’ ಸೇರಿಸಬೇಕೆಂದು ತಲೆ ತಿದ್ದುಪಡಿ ಮಾಡಿತು. ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಹುಮನಾಬಾದಿನಲ್ಲಿ ಖಾಜಾಮಿಯಾ ಹಿಂದೆ ಕುಳಿತರು. ಹಳ್ಳಿಖೇಡ ರಸ್ತೆಯಲ್ಲಿ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ಒಂದೊಂದರ ಮೇಲೂ ದೊಡ್ಡ ಸ್ಪೀಕರ್. ಹಾಡಿನ ಅಬ್ಬರಕ್ಕೆ ಖಾಜಾಮಿಯಾ ನನ್ನ ಕಿವಿಯ ಹತ್ತಿರ ಬಂದು ಕೂಗಿದರೂ ಕೇಳುತ್ತಿರಲಿಲ್ಲ.

ಎಡಗಡೆ ಕಬ್ಬು ಕಡಿಯುವವರ ಒಂದು ಗುಂಪು ಊಟಕ್ಕೆ ಕುಳಿತಿತ್ತು. ಗಾಡಿ ನಿಲ್ಲಿಸಿ ಕೇಳಿದೆವು. ತಲೆಗೆ ಟವೆಲ್ ಸುತ್ತಿದ್ದ ಒಬ್ಬ ಹೆಂಗಸು ರೊಟ್ಟಿ ಹಿಡಿದ ಕೈಯನ್ನೇ ಮುಂದೆ ಚಾಚಿದಳು.

‘ಗಾಡಿ? ಅಲ್ಲಿ ಬೇಲಿ ಬಲ್ಲಿ ಒಂದ್ ನಿಂತದ ನೋಡ್ರಿ. ಐತಾರದಿಂದ ಅದ. ಲೈನ್‌ಮನ್ನಂದು ಅಂದ್ಕೊಂಡಿದ್ವಿ.’

‘ಲೈನ್‌ಮನ್ ಮೂರ್ ದಿನ ಕಂಬದ ಮ್ಯಾಲೇ ಮಕ್ಕೋತಾನೇನವ್ವ?’ ಎಂದರು ಖಾಜಾಮಿಯಾ. ಸಿಟ್ಟಿನಿಂದಲ್ಲ. ಅಳು ಬಂದಾಗ ಅವರು ಹೀಗೇ ಮಾತಾಡುತ್ತಾರೆ.

‘ನಮಗೇನ್ ಗೊತ್ರಿಯಪ್ಪ. ನಾವು ದೂರದಿಂದ ಬಂದವ್ರು. ಮಂದಿ ಗಾಡಿ ಮುಟ್ಟಿ ಕಳ್ಳರು ಅನಿಸ್ಕೊಳ್ಳೋದು ಯಾಕಂತ ಸುಮ್ಮಕಿದ್ವಿ.’

ಅವಳನ್ನು ತಪ್ಪೆನ್ನಲೇ? ಅವಳಿಗೆ ಕಂಡದ್ದು ಬರೀ ಗಾಡಿ. ನನಗೆ ಕಂಡದ್ದು ಬರೀ ಫೀಡ್. ಇಬ್ಬರೂ ಕಂಡದ್ದನ್ನು ನೋಡಿ ಸುಮ್ಮನಿದ್ದೆವು.

ಅದು ಮಾಸ್ತರರದೇ ಗಾಡಿ. ಸೀಟಿನ ಮೇಲೆ ಕಬ್ಬಿನ ಒಣಗಿದ ಎಲೆ ಬಿದ್ದಿತ್ತು. ಅಲ್ಲಿಂದ ಕಬ್ಬಿನೊಳಗೆ ನುಗ್ಗಿದೆವು. ಎಲೆಯ ಅಂಚು ಕೈ, ಮುಖ ಕೊಯ್ಯುತ್ತಿತ್ತು. ನೂರು ಹೆಜ್ಜೆ ಹೋಗಿರಬಹುದು. ಕಬ್ಬು ಇದ್ದಕ್ಕಿದ್ದಂತೆ ಮುಗಿದು, ಎದುರಿಗೆ ಕಲ್ಲಿನ ಅಂಚು, ಅದರ ಕೆಳಗೆ ಕತ್ತಲು.

ನಾನು ಕೂಗಲಿಲ್ಲ. ಸತ್ಯ ಹೇಳಬೇಕೆಂದರೆ, ಕೂಗಿದರೆ ಉತ್ತರ ಬರದಿದ್ದರೆ ಏನು ಮಾಡುವುದು ಎಂಬ ಹೆದರಿಕೆ. ಕೂಗಿದ್ದು ಖಾಜಾಮಿಯಾ.

‘ಮಾಸ್ತರ್! ಓ ಮಾಸ್ತರ್!’

ರಸ್ತೆಯ ಕಡೆ ಟ್ರ್ಯಾಕ್ಟರಿನ ಹಾಡು. ಅದು ದೂರ ಹೋಗುವವರೆಗೆ ಕಾದೆವು. ಆಮೇಲೆ ಕೆಳಗಿನಿಂದ ಒಂದು ಸದ್ದು. ಮಾತಲ್ಲ. ಕಲ್ಲಿಗೆ ಕಲ್ಲು ಬಡಿಯುವ ಸದ್ದು. ಟಕ್. ಟಕ್. ಟಕ್.

ಹದಿನೆಂಟನೇ ಮೆಟ್ಟಿಲು ಜಾರಿತ್ತು. (ಎಷ್ಟನೆಯದೆಂದು ಮಾಸ್ತರರೇ ಆಮೇಲೆ ಹೇಳಿದ್ದು. ಬೀಳುವಾಗಲೂ ಎಣಿಸುತ್ತಿದ್ದರಂತೆ.) ಕೆಳಗಿನ ಕಟ್ಟೆಯ ಮೇಲೆ ಬಿದ್ದಿದ್ದರು. ಬಲಗಾಲು ತೊಡೆಯ ಹತ್ತಿರ ಮುರಿದಿತ್ತು. ಫೋನ್ ನೀರಿನ ಪಾಲಾಗಿತ್ತು. ಚೀಲದಲ್ಲಿದ್ದ ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ ಮೊದಲ ದಿನಕ್ಕೇ ಮುಗಿದಿತ್ತು. ಕೈ ಚಾಚಿದರೆ ನೀರು ಸಿಗುತ್ತಿತ್ತು, ಅದರಿಂದ ಬದುಕಿದ್ದರು. ಎರಡು ದಿನ ಕೂಗಿ ಕೂಗಿ ದನಿ ಹೋಗಿತ್ತು. ಕೂಗಿದಾಗಲೆಲ್ಲ ಮೇಲೆ ಹಾಡು.

ಪೊಲೀಸರು, ಅಗ್ನಿಶಾಮಕದವರು ಹಗ್ಗ, ಸ್ಟ್ರೆಚರ್ ತಂದು ಮೇಲೆ ಎತ್ತುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ನಾನು ಮಾಸ್ತರರ ಕೈ ಹಿಡಿದುಕೊಂಡೆ. ಮಂಜುಗಡ್ಡೆಯ ಹಾಗಿತ್ತು. ಅವರ ತುಟಿ ಅಲುಗಿತು. ಕಿವಿ ಹತ್ತಿರ ಒಯ್ದೆ.

‘ಇವತ್ತಿಂದು ಬಂತೇನು?’

‘ಬಂತು ಮಾಸ್ತರ್’ ಎಂದೆ. ‘ಆರಕ್ಕ ಬಂತು.’

ಅವರ ಮುಖದಲ್ಲಿ ಸಮಾಧಾನ ಕಂಡಿತು. ಅದನ್ನು ನೋಡಿ ನನಗೆ ಇನ್ನೂ ಭಯವಾಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಮಾತು ಮುಚ್ಚಿಡಲಿಲ್ಲ. ‘ಸೋಮಾರ ತಂದಿದ್ರ ಕಾಲು ಪೂರಾ ನೆಟ್ಟಗಾಗ್ತಿತ್ತು. ನಾಳಿ ತಂದಿದ್ರ ತರೋ ಕೆಲಸಾನೇ ಇರ್ತಿರಲಿಲ್ಲ.’ ಆಪರೇಷನ್ ಆಗಿದೆ. ರಾಡ್ ಹಾಕಿದ್ದಾರೆ. ಇನ್ನು ಕೋಲಿಲ್ಲದೆ ನಡೆಯಲಾರರು. ಬಾವಿಯ ಮೆಟ್ಟಿಲು ಇಳಿಯುವ ಮಾತಂತೂ ಮುಗಿಯಿತು.

ಸೋಮವಾರ ತಂದಿದ್ದರೆ. ಸೋಮವಾರ ಸಂಜೆಯೇ ಅಲ್ಲವೇ ಶಾಂತಾಬಾಯಿ ನನಗೆ ಫೋನ್ ಮಾಡಿದ್ದು?

ಅಂದು ಸಂಜೆ ಅವರು ಉದಗೀರದಿಂದ ಬಂದರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಗಂಡನ ಚೀಲದಲ್ಲಿ ಸಿಕ್ಕ ಬೆಳ್ಳಿ ಕಡಗವನ್ನು ಕೈಯಲ್ಲಿ ತಿರುಗಿಸುತ್ತ ಬೆಂಚಿನ ಮೇಲೆ ಕುಳಿತಿದ್ದರು. ಒಂದೇ ಮಾತು ಕೇಳಿದರು.

‘ಅಣ್ಣಾರ, ಮೊನ್ನಿ ನೀವು ನನ್ನ ಕಣ್ಣ ಮುಂದೇ ಬರ್ಯಾಕತ್ತಾರ ಅನ್ನೋ ಹಂಗ ಹೇಳಿದ್ರೆಲ್ರಿ. ಏನ್ ನೋಡಿ ಹೇಳಿದ್ರಿ?’

ಏನು ನೋಡಿ ಹೇಳಿದೆ? ನಾನು ಕಿರಿಯ ವರದಿಗಾರರಿಗೆ ಜೀವನಪೂರ್ತಿ ಹೇಳಿದ್ದು ಒಂದೇ ಪಾಠ. ಒಂದು ಮೂಲವನ್ನು ನಂಬಬೇಡಿ. ಇನ್ನೊಬ್ಬರನ್ನು ಕೇಳಿ. ಸಾಧ್ಯವಾದರೆ ಜಾಗಕ್ಕೆ ಹೋಗಿ ಬನ್ನಿ. ಒಂದು ಸಾವಿನ ಸುದ್ದಿಯನ್ನು ಎರಡು ಕಡೆ ವಿಚಾರಿಸದೆ ನಾನು ಪುಟಕ್ಕೆ ಬಿಟ್ಟವನಲ್ಲ. ಒಬ್ಬರು ಬದುಕಿದ್ದಾರೆ ಎಂಬ ಸುದ್ದಿಗೆ ಮಾತ್ರ ಒಂದು ಸಾಲು ಸಾಕಾಯಿತು. ಅರ್ಧ ತಾಸಿನ ದಾರಿ. ಹೋಗಲಿಲ್ಲ. ಖಾಜಾಮಿಯಾ ಅವರ ನಂಬರ್ ಫೋನಿನಲ್ಲೇ ಇತ್ತು. ಮಾಡಲಿಲ್ಲ. ತಪ್ಪು ಯಂತ್ರದ್ದಲ್ಲ. ಅದು ಸಮಯವನ್ನು ಸರಿಯಾಗಿಯೇ ಬರೆದಿತ್ತು. ಓದಲು ಬಾರದವನು ನಾನು.

ಇದು ಫೀಡ್ ಬಳಸುವ ನಾಲ್ಕು ಜನರ ಸಮಸ್ಯೆ ಎಂದುಕೊಂಡಿರಾ? ನಿಮ್ಮ ಫೋನನ್ನೇ ತೆಗೆಯಿರಿ. ಮನೆಯವರ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರದ ಗುಡ್ ಮಾರ್ನಿಂಗ್ ಕಳಿಸುವ ಚಿಕ್ಕಪ್ಪ ಇದ್ದಾರಲ್ಲ, ಅವರ ದನಿ ಕೇಳಿ ಎಷ್ಟು ದಿನವಾಯಿತು? ಸ್ಟೇಟಸ್ ಬದಲಾಗಿದೆ, ಆರಾಮ ಇದ್ದಾರೆ. ನೀಲಿ ಟಿಕ್ ಬಂದಿದೆ, ಆರಾಮ ಇದ್ದಾರೆ. ‘ಲಾಸ್ಟ್ ಸೀನ್’ ಐದು ನಿಮಿಷದ ಹಿಂದೆ, ಆರಾಮ ಇದ್ದಾರೆ. ಹಿಂದೆ ಯಾರಾದರೂ ಎರಡು ದಿನ ಕಟ್ಟೆಗೆ ಬರದಿದ್ದರೆ ಯಾಕೆ ಬರಲಿಲ್ಲ ಎಂದು ಮನೆಗೆ ಹೋಗಿ ನೋಡುತ್ತಿದ್ದರು. ಈಗ ಎಲ್ಲರೂ ದಿನಾ ಬರುತ್ತಾರೆ. ಹಾಗಾಗಿ ಯಾರೂ ಹೋಗುವುದಿಲ್ಲ.

ಇನ್ನೊಂದು ಸಂಗತಿ ದಾಖಲಿಸಬೇಕು. ಮಾಸ್ತರರು ಉದಗೀರದ ಹತ್ತು ದಿನಕ್ಕೆ, ಹೊರಡುವ ಹಿಂದಿನ ದಿನವನ್ನೂ ಮರಳಿದ ಮರುದಿನವನ್ನೂ ಸೇರಿಸಿ, ಹನ್ನೆರಡು ಬಾವಿಗಳನ್ನು ಶೆಡ್ಯೂಲ್ ಮಾಡಿಟ್ಟಿದ್ದರು. ನಿಲ್ಲಿಸಲು ಪಾಸ್‌ವರ್ಡ್ ಅವರಿಗೆ ಮಾತ್ರ ಗೊತ್ತು, ಅವರಿಗೆ ಪ್ರಜ್ಞೆ ಬರುತ್ತ ಹೋಗುತ್ತ ಇತ್ತು. ಗುರುವಾರ ಬೆಳಿಗ್ಗೆ ಅವರನ್ನು ಆಪರೇಷನ್ನಿಗೆ ಸಿದ್ಧ ಮಾಡುತ್ತಿದ್ದಾಗ ಐದನೆಯದು ಬಂತು. ಶುಕ್ರವಾರ ಆರನೆಯದು. ಚಿತ್ರ ಸೊಗಸಾಗಿತ್ತು, ಒಂದು ಗೆರೆ ಅಲುಗಿರಲಿಲ್ಲ. ಕೆಳಗೆ ಯಾರೋ ಓದುಗರು ಬರೆದಿದ್ದರು: ‘ಸರ್, ನಿಮ್ಮ ಶಿಸ್ತು ನಮಗೆ ಮಾದರಿ.’

ಆ ಬುಧವಾರ ನಾನು ನಿಮಿಷಗಳನ್ನು ನೋಡದೇ ಹೋಗಿದ್ದರೆ, ಮುಂದಿನ ಗುರುವಾರದವರೆಗೂ ಮಾಸ್ತರರು ದಿನಾ ಆರಕ್ಕೆ ಬರುತ್ತಿದ್ದರು. ಇನ್ನೂರು ಜನ ಓದುತ್ತಿದ್ದೆವು.

ಫೀಡ್ ರೀಡರ್ ಬಿಟ್ಟಿಲ್ಲ. ನಲವತ್ತೂ ಸೈಟುಗಳು ಈಗಲೂ ಬರುತ್ತವೆ. ಆದರೆ ಓದುವ ರೀತಿ ಕೆಟ್ಟಿದೆ. ಮೊದಲು ಕಣ್ಣು ಹೋಗುವುದು ತಲೆಬರಹಕ್ಕಲ್ಲ, ಸಮಯಕ್ಕೆ. 7:43 ಎಂದಿದ್ದರೆ ಸಮಾಧಾನ. ಯಾರೋ ತಡವಾಗಿ ಎದ್ದಿದ್ದಾರೆ. 6:00 ಎಂದಿದ್ದರೆ ಫೋನ್ ತೆಗೆಯುತ್ತೇನೆ. ಕೆಲವರು ಬೈಯುತ್ತಾರೆ. ಬೈಗುಳ ಕೇಳಿದರೆ ಖುಷಿಯಾಗುತ್ತದೆ.

ಈ ಅಂಕಣವನ್ನು ನಾನು ಬರೆದು ಪತ್ರಿಕೆಯ ಡೆಸ್ಕಿಗೆ ಕಳಿಸುವುದು ಗುರುವಾರ. ನಿಮ್ಮ ಕೈಗೆ ಬರುವುದು ಭಾನುವಾರ ಬೆಳಿಗ್ಗೆ, ಸರಿಯಾದ ಹೊತ್ತಿಗೆ. ಮೂರು ದಿನದ ಹಿಂದಿನ ನನ್ನನ್ನು ನೀವು ಓದಿ ಮುಗಿಸಿದಿರಿ. ಇವತ್ತಿನ ನಾನು ಎಲ್ಲಿದ್ದೇನೆಂದು ನಿಮ್ಮಲ್ಲಿ ಯಾರಿಗೆ ಗೊತ್ತು?